ವಿದೇಶಕ್ಕೆ ಸಾಗಿಸಿದ ಸಾಮಾನು ಒಡೆದರೆ ಹೊಣೆ ಯಾರದು?

ಪ್ರಶ್ನೆ: ಹಡಗಿನಲ್ಲಿ ವಿದೇಶಕ್ಕೆ ಸಾಗಿಸಿದ ನಮ್ಮ ಗಾಜಿನ ಪಾತ್ರೆಗಳು ಒಡೆದಿವೆ. ಪೆಟ್ಟಿಗೆಯನ್ನು ನಾವೇ ಕಟ್ಟಿದ್ದರಿಂದ ಪರಿಹಾರವಿಲ್ಲ ಎನ್ನುತ್ತದೆ ಸಾಗಣೆ ಕಂಪನಿ. ಇದು ನ್ಯಾಯವೇ?

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ, ಆದರೆ ಅವರ ವಾದದಲ್ಲಿ ಬಲವಿದೆ. ಗ್ರಾಹಕರೇ ಕಟ್ಟಿದ ಪೆಟ್ಟಿಗೆಯೊಳಗಿನ ಒಡಕಿಗೆ ಸಾಗಣೆ ವಿಮೆಗಳು ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಸಾಮಾನಿನ ಪಟ್ಟಿಯಲ್ಲಿ ಆ ಪೆಟ್ಟಿಗೆಯ ಸಂಖ್ಯೆಯ ಎದುರು ‘ಮಾಲೀಕರೇ ಕಟ್ಟಿದ್ದು’ ಎಂಬ ಗುರುತು ಇದೆಯೇ ಎಂದು ಮೊದಲು ನೋಡಿ. ಪೆಟ್ಟಿಗೆಯೇ ಜಜ್ಜಿಹೋಗಿದ್ದರೆ ಅಥವಾ ನೆನೆದಿದ್ದರೆ ಮಾತು ಬೇರೆ: ಅದನ್ನು ಎಸೆಯದೆ, ಹೊರಮೈಯ ಫೋಟೊಗಳೊಂದಿಗೆ, ಒಪ್ಪಂದ ಮತ್ತು ವಿಮಾ ಪತ್ರಗಳು ಹೇಳುವ ಗಡುವಿನೊಳಗೆ ಸಾಗಣೆ ಕಂಪನಿ ಮತ್ತು ವಿಮಾ ಕಂಪನಿ ಎರಡಕ್ಕೂ ಲಿಖಿತ ದೂರು ಸಲ್ಲಿಸಿ. ಸಾಮಾನು ತಲುಪಿದ ದಿನ, ಬಿಚ್ಚಿ ನೋಡದೆಯೇ ‘ಎಲ್ಲವೂ ಸುಸ್ಥಿತಿಯಲ್ಲಿದೆ’ ಎಂಬ ರಸೀದಿಗೆ ಸಹಿ ಹಾಕಿದ್ದರೆ ನಿಮ್ಮ ವಾದ ದುರ್ಬಲವಾಗುತ್ತದೆ. ಉಳಿದ ಪೆಟ್ಟಿಗೆಗಳು ಇನ್ನೂ ಬರಬೇಕಿದ್ದರೆ, ಕಂಡ ಹಾನಿಯನ್ನು ಆ ರಸೀದಿಯ ಮೇಲೆಯೇ ಬರೆದು ಸಹಿ ಹಾಕಿ.