ಬೀಟ್‌ರೂಟ್ ಪ್ರಯೋಗದಲ್ಲಿ 30 ಡಿಗ್ರಿಗೇ ನೀರು ಕೆಂಪಾಗುವುದೇಕೆ, 80 ಡಿಗ್ರಿಯಲ್ಲಿ ಬಣ್ಣ ತಗ್ಗುವುದೇಕೆ?

ಬೇರೆ ಬೇರೆ ಉಷ್ಣತೆಯ ನೀರಿನಲ್ಲಿ ಬೀಟ್‌ರೂಟ್ ತುಂಡುಗಳನ್ನಿಟ್ಟಾಗ 30 ಡಿಗ್ರಿಯ ಪ್ರನಾಳದಲ್ಲೇ ನೀರು ಕೆಂಪಾಯಿತೆಂದೂ, 80 ಡಿಗ್ರಿಯಲ್ಲಿ 70ಕ್ಕಿಂತ ಕಡಿಮೆ ಬಣ್ಣ ಬಂದಿತೆಂದೂ, ಹಾಗಾದರೆ ಜೀವಕೋಶದ ಪೊರೆ ಮತ್ತೆ ಗಟ್ಟಿಯಾಯಿತೇ ಎಂದೂ ನೀವು ಕೇಳಿದ್ದೀರಿ. ಪೊರೆ ಗಟ್ಟಿಯಾಗಿಲ್ಲ. ರಾಯಚೂರಿನಲ್ಲಿ ಪದವಿಪೂರ್ವ ತರಗತಿಗಳಿಗೆ ಇದೇ ಪ್ರಯೋಗ ಮಾಡಿಸುವವನಾಗಿ ನನ್ನ ಅಭಿಪ್ರಾಯವೆಂದರೆ, ನೀರಿಗೆ ಬಂದ ಬಣ್ಣವೆಲ್ಲವೂ ಶಾಖದಿಂದಲೇ ಸೋರಿದ್ದೆಂದು ಭಾವಿಸಿದ್ದರಿಂದ ಈ ಎರಡೂ ಗೊಂದಲಗಳು ಹುಟ್ಟಿವೆ.

ಬೀಟ್‌ರೂಟಿನ ಕೆಂಪು ವರ್ಣದ್ರವ್ಯವಾದ ಬೀಟಾಸಯನಿನ್ ಜೀವಕೋಶದೊಳಗೆ ದ್ರವ ತುಂಬಿದ ಚೀಲದಂತಿರುವ ರಸದಾನಿಯಲ್ಲಿರುತ್ತದೆ. ಅದು ಹೊರಬರಬೇಕಾದರೆ ರಸದಾನಿಯ ಪೊರೆಯನ್ನೂ ಕೋಶಪೊರೆಯನ್ನೂ ದಾಟಬೇಕು. ಉಷ್ಣತೆ ಏರಿದಂತೆ ಪೊರೆಯ ಪದರವಾಗಿರುವ ಫಾಸ್ಫೋಲಿಪಿಡ್ ಎಂಬ ಕೊಬ್ಬಿನ ಜಾತಿಯ ಅಣುಗಳ ಚಲನೆ ಹೆಚ್ಚಿ ಪದರ ಸಡಿಲವಾಗುತ್ತದೆ, ಇನ್ನೂ ಏರಿದರೆ ಪೊರೆಯಲ್ಲಿರುವ ಪ್ರೋಟೀನುಗಳು ತಮ್ಮ ಆಕಾರ ಕಳೆದುಕೊಳ್ಳುತ್ತವೆ. ಆದ್ದರಿಂದ ಸಾಮಾನ್ಯವಾಗಿ 50ರಿಂದ 60 ಡಿಗ್ರಿಯ ನಡುವೆ ಸೋರಿಕೆ ಥಟ್ಟನೆ ಹೆಚ್ಚುತ್ತದೆ.

ಆದರೆ ನೀವು ಬೀಟ್‌ರೂಟ್ ಕತ್ತರಿಸಿದಾಗಲೇ ಅಂಚಿನ ಕೋಶಗಳು ಒಡೆದು, ಅವುಗಳ ಬಣ್ಣ ತುಂಡಿನ ಮೈಗೆ ಅಂಟಿಕೊಂಡಿರುತ್ತದೆ. 30 ಡಿಗ್ರಿಯಲ್ಲಿ ನೀವು ಕಂಡ ಕೆಂಪು ಬಹುಪಾಲು ಚಾಕುವಿನಿಂದ ಬಂದದ್ದು. ಕಾರ್ಕ್ ಬೋರರ್‌ನಿಂದ (ತೂತು ಕೊರೆಯುವ ಕೊಳವೆಯಾಕಾರದ ಸಾಧನ) ಒಂದೇ ಅಳತೆಯ ತುಂಡುಗಳನ್ನು ತೆಗೆದು, ತೊಳೆದ ನೀರು ತಿಳಿಯಾಗುವವರೆಗೆ ಮತ್ತೆ ಮತ್ತೆ ನೀರು ಬದಲಿಸಿ ತೊಳೆಯಿರಿ. ಸಾಧ್ಯವಾದರೆ ಒಂದು ರಾತ್ರಿ ತಣ್ಣೀರಿನಲ್ಲೇ ಬಿಡಿ. ನೀವು ಸಿಂಧನೂರಿನವರೆಂದು ಬರೆದಿರುವುದರಿಂದ ಇನ್ನೊಂದು ಮಾತು ಹೇಳಲೇಬೇಕು. ಮಾರ್ಚ್ ಕಳೆದರೆ ನಮ್ಮಲ್ಲಿ ಹಗಲಿನ ಉಷ್ಣತೆ 40 ಡಿಗ್ರಿ ಮುಟ್ಟುತ್ತದೆ, ಮಾಳಿಗೆಯ ಟ್ಯಾಂಕಿನ ನೀರು ಮುಟ್ಟಿದರೇ ಬಿಸಿ. ಪುಸ್ತಕದಲ್ಲಿ ‘ಕೋಣೆಯ ಉಷ್ಣತೆ’ ಎಂದಿರುವುದನ್ನು ನಂಬಿ ಬರೆದುಕೊಳ್ಳಬೇಡಿ. ಥರ್ಮಾಮೀಟರ್ ಇಟ್ಟು ನೋಡಿ, ಕಡಿಮೆ ಉಷ್ಣತೆಗಳಿಗೆ ಮಂಜುಗಡ್ಡೆ ಬಳಸಿ, ನೀರು ಬೇಕಾದ ಉಷ್ಣತೆಗೆ ಬಂದ ಮೇಲೆಯೇ ತುಂಡುಗಳನ್ನು ಹಾಕಿ.

ಇನ್ನು 80 ಡಿಗ್ರಿಯ ವಿಷಯ. ಅಲ್ಲಿ ಪೊರೆಗಳು ಪೂರ್ತಿ ಹಾಳಾಗಿರುತ್ತವೆ, ಆದರೆ ಹೊರಬಂದ ಬೀಟಾಸಯನಿನ್ ಕೂಡ ಆ ಶಾಖಕ್ಕೆ ವಿಘಟನೆಗೊಂಡು ಕೆಂಪು ಮಾಸಿ ಹಳದಿ-ಕಂದು ಬಣ್ಣಕ್ಕೆ ತಿರುಗುತ್ತದೆ. ಹಸಿರು ಫಿಲ್ಟರ್ ಹಾಕಿ 530 ನ್ಯಾನೋಮೀಟರ್ ಸುಮಾರಿಗೆ ಓದುವ ಕಲರಿಮೀಟರ್ (ದ್ರಾವಣದ ಬಣ್ಣದ ಗಾಢತೆ ಅಳೆಯುವ ಉಪಕರಣ) ಕೆಂಪನ್ನಷ್ಟೇ ಎಣಿಸುವುದರಿಂದ ಅಂಕಿ ಕೆಳಗಿಳಿಯುತ್ತದೆ. ಇದನ್ನು ನೀವೇ ಪರೀಕ್ಷಿಸಬಹುದು: 60 ಡಿಗ್ರಿಯ ಪ್ರನಾಳದಿಂದ ತುಂಡುಗಳನ್ನು ತೆಗೆದುಹಾಕಿ, ಉಳಿದ ಕೆಂಪು ನೀರನ್ನು ಎರಡು ಪಾಲು ಮಾಡಿ, ಒಂದನ್ನು ಮಾತ್ರ 80 ಡಿಗ್ರಿಯಲ್ಲಿ ಅಷ್ಟೇ ಹೊತ್ತು ಇಟ್ಟು, ತಣಿದ ಮೇಲೆ ಎರಡನ್ನೂ ಅಳೆದು ಹೋಲಿಸಿ. ಪಠ್ಯದಲ್ಲಿ ಈ ಹೋಲಿಕೆಯಿಲ್ಲದಿದ್ದರೂ ವಿದ್ಯಾರ್ಥಿಗಳಿಂದ ಇದನ್ನು ತಪ್ಪದೆ ಮಾಡಿಸಬೇಕೆಂಬುದು ನನ್ನ ಆಗ್ರಹ.

ಬಣ್ಣದ ಈ ತೊಡಕೇ ಬೇಡವೆನಿಸಿದರೆ ವಾಹಕತೆ ಮಾಪಕ ಬಳಸಿ. ನೀರಿನಲ್ಲಿ ಲವಣ ಹೆಚ್ಚಿದಷ್ಟೂ ಅದು ವಿದ್ಯುತ್ತನ್ನು ಹೆಚ್ಚು ಹರಿಯಗೊಡುತ್ತದೆ, ಈ ಮಾಪಕ ಅಳೆಯುವುದು ಅದನ್ನೇ. ಬೆಳೆಗಳು ಬಿಸಿಲು ತಾಳುವ ಶಕ್ತಿಯನ್ನು ಅಳೆಯಲು ಸಸ್ಯವಿಜ್ಞಾನಿಗಳು ಎಲೆಯ ತುಂಡುಗಳಿಂದ ಸೋರುವ ಲವಣಗಳನ್ನು ಹೀಗೆಯೇ ಅಳೆಯುತ್ತಾರೆ. ಹತ್ತಿ ಅಥವಾ ಜೋಳದ ಎಲೆಯಲ್ಲೂ ಮಾಡಬಹುದು. ಕೊಳವೆಬಾವಿಯ ನೀರಿನಲ್ಲಿ ಮೊದಲೇ ಲವಣವಿರುವುದರಿಂದ ಬಟ್ಟಿ ಇಳಿಸಿದ ನೀರೇ ಬೇಕು. ಕೊನೆಗೆ ಒಳಗುಳಿದ ಲವಣವೂ ಹೊರಬರುವಂತೆ ಪ್ರತಿಯೊಂದು ಪ್ರನಾಳವನ್ನೂ ತುಂಡುಗಳ ಸಮೇತ ಕುದಿಸಿ, ತಣಿಸಿ, ಮತ್ತೊಮ್ಮೆ ವಾಹಕತೆ ಅಳೆಯಿರಿ. ಮೊದಲ ಅಳತೆ ಈ ಎರಡನೆಯದರ ಶೇಕಡಾ ಎಷ್ಟೆಂದು ಲೆಕ್ಕ ಹಾಕಿದರೆ, ತುಂಡುಗಳ ಗಾತ್ರದಲ್ಲಿ ತುಸು ವ್ಯತ್ಯಾಸವಿದ್ದರೂ ಫಲಿತಾಂಶಗಳನ್ನು ಒಂದಕ್ಕೊಂದು ಹೋಲಿಸಬಹುದು.