ಹಳ್ಳಿ ಪಬ್ಬು, ಪುಟ್ಟ ಸ್ಟೇಷನ್ನು: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಮಗಳು ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದಾಳೆ. ಬೇಸಿಗೆಗೆ ನಾವಿಬ್ಬರೂ ಹೋಗುತ್ತಿದ್ದೇವೆ. ಕಾರಿಲ್ಲದೆ ಒಂದೇ ದಿನದಲ್ಲಿ ಹಳ್ಳಿ ಸ್ಟೇಷನ್, ಹಳ್ಳಿ ಪಬ್ ಎರಡನ್ನೂ ನೋಡಬಹುದೇ?

ಉತ್ತರ: ಧಾರಾಳವಾಗಿ. ಲೀಡ್ಸ್‌ನಿಂದಲೇ ಸೆಟಲ್–ಕಾರ್ಲೈಲ್ ಮಾರ್ಗದ ರೈಲು ಹಿಡಿಯಿರಿ. ಸರ್ಕಾರಿ ಸ್ವಾಮ್ಯದ ಬ್ರಿಟಿಷ್ ರೈಲ್ ಮುಚ್ಚಲು ಹೊರಟಿದ್ದ ಈ ಮಾರ್ಗವನ್ನು ಜನ ಹೋರಾಡಿ 1989ರಲ್ಲಿ ಉಳಿಸಿಕೊಂಡರು. ಸುಮಾರು ಒಂದೂಕಾಲು ಗಂಟೆ ಪ್ರಯಾಣ ಮಾಡಿದರೆ ರಿಬಲ್‌ಹೆಡ್ ಸ್ಟೇಷನ್. ಅಲ್ಲಿ ಇಳಿಯಿರಿ. ಸ್ಟೇಷನ್ನಿನಿಂದ ಇಳಿದು ಬಂದರೆ ಹತ್ತಿರದಲ್ಲೇ ‘ಸ್ಟೇಷನ್ ಇನ್’ ಪಬ್ಬು, ಅದರಾಚೆ 24 ಕಮಾನುಗಳ, 400 ಮೀಟರ್ ಉದ್ದದ ಕಲ್ಲಿನ ಸೇತುವೆ. ಕಮಾನಿನ ಬುಡಕ್ಕೆ ಹೋಗಿ ನಿಲ್ಲಿ. 32 ಮೀಟರ್ ಎತ್ತರದಲ್ಲಿ ರೈಲು ಹಾಯುವುದನ್ನು ನೋಡದೆ ಬರಬೇಡಿ.

ಒಂದು ರೈಲು ತಪ್ಪಿದರೆ ಮುಂದಿನದಕ್ಕೆ ಸುಮಾರು ಎರಡು ಗಂಟೆ ಕಾಯಬೇಕು. ಹಾಗಾಗಿ ವಾಪಸ್ ರೈಲು ಯಾವುದೆಂದು ಮೊದಲು ಗೊತ್ತುಮಾಡಿಕೊಂಡು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ. ಭಾನುವಾರದ ವೇಳಾಪಟ್ಟಿ ಬೇರೆ. ಮೊಬೈಲ್ ಸಿಗ್ನಲ್ ನಂಬಬೇಡಿ, ಸಮಯ ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಸ್ಟೇಷನ್ ಹೆಸರು ನೋಡಿ ಊರು ಪಕ್ಕದಲ್ಲೇ ಇದೆ ಅಂದುಕೊಳ್ಳುವುದೇ ಹೊಸಬರು ಮಾಡುವ ದೊಡ್ಡ ತಪ್ಪು. ಇದೇ ಮಾರ್ಗದ ಡೆಂಟ್ ಇಂಗ್ಲೆಂಡಿನ ಮುಖ್ಯ ರೈಲುಮಾರ್ಗಗಳಲ್ಲೇ ಅತಿ ಎತ್ತರದ ಸ್ಟೇಷನ್, 1,150 ಅಡಿ. ಆದರೆ ಡೆಂಟ್ ಹಳ್ಳಿ ನಾಲ್ಕು ಮೈಲಿ ದೂರ, ಅದೂ ಕಡಿದಾದ ಇಳಿಜಾರು. ಸೆಟಲ್‌ನಲ್ಲಾದರೆ ಸಂತೆಚೌಕಕ್ಕೆ ಐದೇ ನಿಮಿಷದ ನಡಿಗೆ. ವಾಪಸ್ ಬರುವಾಗ ಅಲ್ಲಿ ಇಳಿಯಿರಿ.

ಅಡ್ವಾನ್ಸ್ ಟಿಕೆಟ್ ಅಗ್ಗವೆಂದು ಕೊಂಡುಬಿಡಬೇಡಿ. ಅದರಲ್ಲಿ ಮಧ್ಯೆ ಇಳಿಯುವಂತಿಲ್ಲ. ಅದೇ ದಿನ ಹೋಗಿಬರುವ ‘ಡೇ ರಿಟರ್ನ್’ ಟಿಕೆಟ್‌ನಲ್ಲಿ ಸಾಮಾನ್ಯವಾಗಿ ಇಳಿದು ಹತ್ತಬಹುದು. ಕೊಳ್ಳುವಾಗ ಕೇಳಿ ಖಚಿತಪಡಿಸಿಕೊಳ್ಳಿ. ಇಬ್ಬರು ಜೊತೆಯಾಗಿ ಪ್ರಯಾಣಿಸಿದರೆ ರಿಯಾಯಿತಿ ಕೊಡುವ ‘ಟು ಟುಗೆದರ್’ ರೈಲ್‌ಕಾರ್ಡ್ ಇದ್ದರೆ ಇಬ್ಬರಿಗೂ ಮೂರನೇ ಒಂದು ಭಾಗ ಉಳಿತಾಯ, ವಾರದ ದಿನಗಳಲ್ಲಿ ಬೆಳಿಗ್ಗೆ 9.30ರ ನಂತರ.

ಪ್ರಶ್ನೆ: ನಾವು ಸಸ್ಯಾಹಾರಿಗಳು, ನಾನು ಕುಡಿಯುವುದಿಲ್ಲ. ಪಬ್ಬಿನಲ್ಲಿ ಮುಜುಗರವಾಗದೇ?

ಉತ್ತರ: ಖಂಡಿತ ಇಲ್ಲ. ಲೈಮ್ ಸೋಡಾ ಹಿಡಿದು ಕೂತರೂ ಯಾರೂ ಏನೂ ಅನ್ನುವುದಿಲ್ಲ. ಟೇಬಲ್ಲಿಗೆ ಬಂದು ಕೇಳಲಿ ಎಂದು ಕಾಯಬೇಡಿ. ಟೇಬಲ್ ನಂಬರ್ ನೋಡಿಕೊಂಡು ಕೌಂಟರಿಗೆ ಹೋಗಿ ಹೇಳಿ, ದುಡ್ಡು ಅಲ್ಲೇ ಕೊಡಿ. ಬಾರ್ ತೆರೆದಿದ್ದರೂ ಎಷ್ಟೋ ಕಡೆ ಅಡುಗೆಮನೆ ಎರಡು–ಎರಡೂವರೆಗೆ ಮುಚ್ಚಿ, ಸಂಜೆಯೇ ಮತ್ತೆ ತೆರೆಯುತ್ತದೆ.

ಆಲೂಗಡ್ಡೆ ಚಿಪ್ಸ್ (ಅಲ್ಲಿ ಹಾಗೆಂದರೆ ದಪ್ಪ ಫ್ರೆಂಚ್ ಫ್ರೈಸ್) ಎಂದು ಮೈಮರೆಯಬೇಡಿ: ಲೀಡ್ಸ್ ಇರುವ ಯಾರ್ಕ್‌ಷೈರ್ ಕಡೆ ದನದ ಕೊಬ್ಬಿನಲ್ಲಿ ಕರಿಯುವ ರೂಢಿ ಇದೆ, ಮೊದಲೇ ಕೇಳಿ. ಯಜಮಾನರು ಏಲ್ ಎಂಬ ಬಿಯರ್ ಕುಡಿಯುವುದಾದರೆ ಅದನ್ನೂ ಕೇಳಲಿ. ಪೀಪಾಯಿಯ ಏಲ್ ತಿಳಿಯಾಗಲೆಂದು ಎಷ್ಟೋ ಕಡೆ ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಹಾಕುತ್ತಾರೆ. ಹಿಡಿ ಜಗ್ಗಿ ತುಂಬಿಸಿಕೊಡುವ ಈ ಏಲ್ 11ರಿಂದ 13 ಡಿಗ್ರಿಯಲ್ಲಿರುತ್ತದೆ, ತಣ್ಣಗಿಲ್ಲವೆಂದು ಕೆಟ್ಟಿದೆ ಅನ್ನಬೇಡಿ. ವಿನೆಗರ್ ವಾಸನೆ ಬಂದರೆ ಮಾತ್ರ ಹಿಂದಿರುಗಿಸಿ, ಬದಲಿಸಿಕೊಡುತ್ತಾರೆ. ಪೈಂಟ್ ಎಂದರೆ 568 ಮಿಲಿ. ಮೊದಲು ಅರ್ಧ ಪೈಂಟ್ ಸಾಕು.