ಅಡಿಕೆ ಅಂಗಳದಲ್ಲಿ ಗಾಲ್ಫ್ ಸ್ವಿಂಗ್ ತಿದ್ದಬಹುದೇ?

ಪ್ರಶ್ನೆ: ನಾನು ಬದಿಯಡ್ಕ ಕಡೆಯ ಕೃಷಿಕ, ವಯಸ್ಸು 51. ಗಾಲ್ಫ್ ಹುಚ್ಚು ಹಿಡಿದದ್ದು ತಡವಾಗಿ. ತಿಂಗಳಿಗೆ ಎರಡು ಸಲ ಮಂಗಳೂರಿನ ಪಿಲಿಕುಳಕ್ಕೆ ಹೋಗಿ ಆಡುತ್ತೇನೆ. ಮಧ್ಯಮ ದೂರಕ್ಕೆ ಹೊಡೆಯುವ ಸೆವೆನ್ ಐರನ್ ಹಿಡಿದರೆ ಕ್ಲಬ್ (ಗಾಲ್ಫ್ ಕೋಲು) ಚೆಂಡಿಗಿಂತ ಮೊದಲು ನೆಲಕ್ಕೆ ಬಡಿಯುತ್ತದೆ. ಅತಿ ದೂರ ಹೊಡೆಯುವ ಕ್ಲಬ್ಬಾದ ಡ್ರೈವರ್‌ನಲ್ಲಿ ಹೊಡೆದ ಚೆಂಡು ಬಲಕ್ಕೆ ತಿರುಗಿ ಪೊದೆ ಸೇರುತ್ತದೆ. ಎಡಕ್ಕೆ ಗುರಿಯಿಟ್ಟರೂ ಅದೇ ಕಥೆ. ಮನೆಯ ಅಂಗಳದಲ್ಲೇ ಏನಾದರೂ ಅಭ್ಯಾಸ ಮಾಡಬಹುದೇ?

ಉತ್ತರ: ಧಾರಾಳವಾಗಿ ಮಾಡಬಹುದು. ಆದರೆ ಅಂಗಳದಲ್ಲಿ ನಿಜವಾದ ಚೆಂಡು ಬೇಡವೇ ಬೇಡ. ಸುಮಾರು 46 ಗ್ರಾಂ ತೂಕದ ಆ ಗಟ್ಟಿ ಚೆಂಡು ಅಡಿಕೆ ಮರಕ್ಕೆ ಬಡಿದರೆ ನಿಮ್ಮ ಮುಖಕ್ಕೇ ವಾಪಸ್ ಬರಬಹುದು. ಅಡಿಕೆ ಹೆಕ್ಕುವವರು ಆಚೀಚೆ ಇರುತ್ತಾರೆ, ಹಂಚಿನ ಮಾಡೂ ಇರುತ್ತದೆ. ತೂತಿರುವ ಪ್ಲಾಸ್ಟಿಕ್ ಚೆಂಡು ಸಿಗುತ್ತದೆ, ಅದನ್ನು ತನ್ನಿ. ನಿಜ ಹೇಳಬೇಕೆಂದರೆ ಮೊದಲ ಕೆಲವು ವಾರ ಅದೂ ಬೇಡ. ಎದುರಿಗೆ ಚೆಂಡಿದ್ದರೆ ಅದು ಎಲ್ಲಿಗೆ ಹೋಯಿತು ಅಂತ ನೋಡುವುದೇ ಆಗುತ್ತದೆ. ಕ್ಲಬ್ ಹೇಗೆ ಬಂತು ಅನ್ನುವ ಕಡೆ ಗಮನ ಹೋಗುವುದಿಲ್ಲ.

ನೀವು ಬಲಗೈ ಆಟಗಾರರೆಂದು ತಿಳಿದು ಬರೆಯುತ್ತಿದ್ದೇನೆ.

ಮೊದಲು ಐರನ್ ವಿಷಯ. ಒಳ್ಳೆಯ ಐರನ್ ಹೊಡೆತದಲ್ಲಿ ಕ್ಲಬ್ ಮೊದಲು ಚೆಂಡಿಗೆ ತಾಗಿ, ಆಮೇಲೆ ನೆಲ ಕೆರೆಯುತ್ತದೆ. ಸ್ವಿಂಗಿನ, ಅಂದರೆ ಕ್ಲಬ್ ಬೀಸುವ ಚಲನೆಯ, ಅತಿ ತಗ್ಗಿನ ಜಾಗ ಚೆಂಡಿಗಿಂತ ಕೆಲವು ಇಂಚು ಮುಂದೆ, ಅಂದರೆ ಗುರಿಯ ಕಡೆಗೆ ಇರಬೇಕು. ನಿಮ್ಮದು ಹಿಂದೆ ಬೀಳುತ್ತಿದೆ. ಇದಕ್ಕೆ ಹೊಯ್ಗೆಯಲ್ಲಿ ಗೆರೆ ಎಳೆದು ಮಾಡುವ ಅಭ್ಯಾಸಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ತೋಟದ ಬದಿಯಲ್ಲಿ ಮೆದು ಮಣ್ಣಿರುವ ಕಡೆ ನಾಲ್ಕು ಬೆರಳು ದಪ್ಪಕ್ಕೆ ಹೊಯ್ಗೆ ಹರಡಿ. ಸಿಮೆಂಟ್ ಅಂಗಳದ ಮೇಲೋ ಮುರಕಲ್ಲಿನ ಮೇಲೋ ಹರಡಬೇಡಿ, ಮಣಿಕಟ್ಟು ಉಳುಕುತ್ತದೆ. ನಿಮ್ಮ ಎರಡು ಕಾಲುಗಳ ನಡುವಿನಿಂದ ಎದುರಿಗೆ ಒಂದು ಗೆರೆ ಎಳೆಯಿರಿ. ಚೆಂಡು ಅದರ ಮೇಲಿದೆ ಅಂದುಕೊಂಡು ಅರ್ಧ ಸ್ವಿಂಗ್ ಮಾಡಿ, ಕ್ಲಬ್ ಸೊಂಟದ ಎತ್ತರ ದಾಟಬಾರದು. ಈಗ ಬಗ್ಗಿ ನೋಡಿ. ಹೊಯ್ಗೆ ಕೆದರಿದ ಗುರುತು ಗೆರೆಯಲ್ಲಿ ಶುರುವಾಗಿ ಎಡಕ್ಕೆ, ಅಂದರೆ ಗುರಿಯ ಕಡೆಗೆ, ಹೋಗಿರಬೇಕು. ಮೊದಮೊದಲು ಅದು ಗೆರೆಗಿಂತ ಒಂದು ಗೇಣು ಬಲಕ್ಕೇ ಶುರುವಾಗಿರುತ್ತದೆ, ಬೇಸರ ಬೇಡ.

ಬಲಕ್ಕೆ ಬಿದ್ದರೆ ಹೆಚ್ಚಿನವರಲ್ಲಿ ಕಾರಣ ಒಂದೇ: ಮೈಭಾರ ಬಲಗಾಲಲ್ಲೇ ಉಳಿದಿದೆ. ಚೆಂಡನ್ನು ಕೆಳಗಿನಿಂದ ಎತ್ತಿ ಹಾರಿಸಬೇಕು ಅನ್ನುವ ಆಸೆಯಿಂದ ಹೀಗಾಗುತ್ತದೆ. ಎತ್ತುವ ಕೆಲಸ ನಿಮ್ಮದಲ್ಲ, ಕ್ಲಬ್ಬಿನ ಮುಖದ (ಚೆಂಡಿಗೆ ತಾಗುವ ಭಾಗದ) ಓರೆ ಅದನ್ನು ಮಾಡುತ್ತದೆ. ಸ್ವಿಂಗ್ ಮುಗಿದ ಮೇಲೆ ಬಲಗಾಲು ಎತ್ತಿ ಎಡಗಾಲಲ್ಲೇ ನಿಲ್ಲಲು ನೋಡಿ. ವಾಲಿದರೆ ಭಾರ ಇನ್ನೂ ದಾಟಿಲ್ಲ ಎಂದರ್ಥ. ಗೆರೆ ಹಿಡಿತಕ್ಕೆ ಬಂದ ಮೇಲೆ ಪ್ಲಾಸ್ಟಿಕ್ ಚೆಂಡು ಇಟ್ಟು, ಅದರ ಹಿಂದೆ ಒಂದು ಗೇಣು ಬಿಟ್ಟು ಮಡಚಿದ ಬೈರಾಸು ಹಾಕಿ. ಕ್ಲಬ್ ಬೈರಾಸಿಗೆ ತಾಗದೆ ಚೆಂಡಿಗೆ ಬರಬೇಕು.

ಇನ್ನು ಡ್ರೈವರ್. ಚೆಂಡು ಬಲಕ್ಕೆ ತಿರುಗುವುದು ಸ್ಲೈಸ್. ಹೊರಟಾಗ ಚೆಂಡು ಹೆಚ್ಚುಕಡಿಮೆ ಕ್ಲಬ್ಬಿನ ಮುಖ ನೋಡುವ ಕಡೆಗೇ ಹೋಗುತ್ತದೆ. ಕ್ಲಬ್ ಬಂದ ದಾರಿಗಿಂತ ಮುಖ ಬಲಕ್ಕೆ ತೆರೆದಿದ್ದರೆ ಗಾಳಿಯಲ್ಲಿ ಬಲಕ್ಕೆ ತಿರುಗುತ್ತದೆ. ಎಡಕ್ಕೆ ಗುರಿಯಿಟ್ಟಾಗ ನೀವು ದಾರಿಯನ್ನು ಇನ್ನಷ್ಟು ಎಡಕ್ಕೆ ಒಯ್ಯುತ್ತೀರಿ. ಮುಖ ಹಾಗೇ ಉಳಿದರೆ ತಿರುವು ಜಾಸ್ತಿಯಾಗದೆ ಇನ್ನೇನು?

ಮೊದಲು ಗ್ರಿಪ್ ನೋಡಿ. ಕ್ಲಬ್ ಹಿಡಿದು ಕೆಳಗೆ ನೋಡಿದಾಗ ಎಡಗೈಯ ಎರಡು ಗೆಣ್ಣಾದರೂ ಕಾಣಬೇಕು. ಒಂದೇ ಕಂಡರೆ ಕೈ ಸ್ವಲ್ಪ ಬಲಕ್ಕೆ ತಿರುಗಿಸಿ ಹಿಡಿಯಿರಿ. ಆಮೇಲೆ ಕ್ಲಬ್ಬನ್ನು ನಿಧಾನವಾಗಿ ಹಿಂದಕ್ಕೆ ಒಯ್ದು, ಕೋಲು ನೆಲಕ್ಕೆ ಸಮವಾದಾಗ ನಿಲ್ಲಿಸಿ. ಕ್ಲಬ್ಬಿನ ತಲೆಯ ತುದಿ ಆಕಾಶ ನೋಡುತ್ತಿರಬೇಕು, ತುಸು ನೆಲದ ಕಡೆ ಬಾಗಿದ್ದರೆ ಇನ್ನೂ ಒಳ್ಳೆಯದು. ಅಲ್ಲಿಂದ ಮುಂದಕ್ಕೆ ಹೋಗಿ ಆ ಬದಿಯಲ್ಲೂ ಹಾಗೇ ನಿಲ್ಲಿಸಿ ನೋಡಿ. ಇದು ಬೋರು ಹೊಡೆಸುವ ಅಭ್ಯಾಸ, ಒಪ್ಪುತ್ತೇನೆ. ಆದರೆ ಕ್ಲಬ್ ಚೆಂಡಿಗೆ ತಾಗಿರುವುದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಪಾಲಿನಷ್ಟು ಹೊತ್ತು. ಆಗ ಮುಖ ತಿದ್ದಲು ಯಾರಿಂದಲೂ ಆಗದು.

ದಾರಿ ತಿದ್ದಲು ಒಂದು ಒಣ ಅಡಿಕೆ ಹಾಳೆ ಸಾಕು. ಚೆಂಡಿನಿಂದ ಅರ್ಧ ಅಡಿ ಹಿಂದೆ, ಚೆಂಡಿನ ಸಾಲಿಗಿಂತ ನಾಲ್ಕು ಬೆರಳು ಆಚೆ ಅದನ್ನು ನಿಲ್ಲಿಸಿ. ಆಚೆ ಅಂದರೆ ನಿಮ್ಮಿಂದ ದೂರಕ್ಕೆ. ಕ್ಲಬ್ ಹೊರಗಿನಿಂದ ಒಳಕ್ಕೆ ಎಳೆದುಕೊಂಡು ಬಂದರೆ ಹಾಳೆ ಪಟ್ಟೆಂದು ಹಾರುತ್ತದೆ. ಹಾಳೆ ಹಗುರ, ಕ್ಲಬ್ಬಿಗೂ ಕೈಗೂ ಪೆಟ್ಟಿಲ್ಲ. ಗುರಿಗೆ ನೇರ ನಿಂತಿದ್ದೀರಾ ಅಂತ ನೋಡಲು ಒಂದು ಅಡಿಕೆ ದಬ್ಬೆಯನ್ನು ಕಾಲ್ಬೆರಳಿನ ಸಾಲಿಗೆ ಇಡಿ. ಅಂಗಡಿಯಲ್ಲಿ ಇದೇ ಕೆಲಸದ ಕೋಲಿಗೆ ದುಡ್ಡು ಕೊಡುತ್ತಾರೆ, ನಿಮಗೆ ಆ ಖರ್ಚಿಲ್ಲ.

ಪಿಲಿಕುಳಕ್ಕೆ ಹೋಗುವಾಗ ಒಂದು ಡಬ್ಬಿ ಟಾಲ್ಕಂ ಪೌಡರ್ ಒಯ್ಯಿರಿ. ಕ್ಲಬ್ಬಿನ ಮುಖಕ್ಕೆ ಸವರಿ ಹೊಡೆದರೆ ಚೆಂಡು ತಾಗಿದ ಜಾಗ ಅಚ್ಚು ಬೀಳುತ್ತದೆ. ನಡುವೆ ಬಿತ್ತೋ ತುದಿಯಲ್ಲಿ ಬಿತ್ತೋ, ಸುಮ್ನೆ ಊಹಿಸಬೇಕಾಗಿಲ್ಲ.

ಪ್ರಶ್ನೆ: ಮಂಜೇಶ್ವರದಿಂದ ಬರೆಯುತ್ತಿದ್ದೇನೆ. ನಾನು ದೂರ ಹೊಡೆಯಲಾರೆ, ಜೊತೆಗಾರರೆಲ್ಲ ನನಗಿಂತ ಮುಂದೆ. ಅದರ ಮೇಲೆ ಮಳೆಗಾಲದಲ್ಲಿ ಅಭ್ಯಾಸ ಪೂರ್ತಿ ನಿಂತುಹೋಗುತ್ತದೆ. ಏನು ಮಾಡಲಿ?

ಉತ್ತರ: ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದರು. ಅಲ್ಲಿ ಅವರಿಗಿಂತ ದೂರ ಹೊಡೆಯುವವರು ಬೇಕಾದಷ್ಟಿದ್ದರು. ಅವರನ್ನು ಅಲ್ಲಿಗೆ ತಲುಪಿಸಿದ್ದು ಪಟಿಂಗ್, ಅಂದರೆ ಚೆಂಡನ್ನು ನೆಲದಲ್ಲಿ ಉರುಳಿಸಿ ಕುಳಿಗೆ ಹಾಕುವ ಹೊಡೆತ. ಹಾಗಾಗಿ ಮಳೆಗಾಲವನ್ನು ಜಗಲಿಯಲ್ಲಿ ಚಾಪೆ ಹಾಸಿ ಪಟಿಂಗ್‌ಗೆ ಕೊಡಿ. ಅಂಗಳಕ್ಕೆ ಇಳಿಯಬೇಡಿ, ಹಾವಸೆ ಕಟ್ಟಿದ ನೆಲದಲ್ಲಿ ಸ್ವಿಂಗ್ ಮಾಡಿದರೆ ಸೊಂಟ ಹೋಗುತ್ತದೆ.

ದೂರಕ್ಕೆ ಬೇಕಾದ್ದು ಲಯ. ಒಳ್ಳೆಯ ಆಟಗಾರರಲ್ಲಿ ಕ್ಲಬ್ ಮೇಲೆ ಹೋಗುವ ಹೊತ್ತು ಕೆಳಗೆ ಬರುವ ಹೊತ್ತಿನ ಸುಮಾರು ಮೂರು ಪಟ್ಟು ಇರುತ್ತದೆ. ಮೇಲೆ ಹೋಗುವಾಗ ಒಂದು, ಎರಡು, ಮೂರು ಅಂತ ಎಣಿಸಿ, ನಾಲ್ಕಕ್ಕೆ ಹೊಡೆಯಿರಿ. ಕ್ಲಬ್ಬನ್ನು ತಲೆಕೆಳಗೆ ಹಿಡಿದು ಬೀಸಿದರೆ ಸುಂಯ್ ಎಂಬ ಸದ್ದು ಬರುತ್ತದೆ. ಆ ಸದ್ದು ಬಲಭುಜದ ಹತ್ತಿರ ಕೇಳಿದರೆ ಬಲವನ್ನು ಬೇಗ ಖರ್ಚು ಮಾಡಿದ್ದೀರಿ, ಚೆಂಡಿನ ಜಾಗ ದಾಟುವಾಗ ಕೇಳಬೇಕು. ಜಗಲಿಯಲ್ಲಿ ಇದನ್ನು ಮಾಡುವ ಮೊದಲು ಫ್ಯಾನ್ ಎಷ್ಟು ಎತ್ತರದಲ್ಲಿದೆ ನೋಡಿಕೊಳ್ಳಿ.